ಸೊಸೆಯ ಬಾಯಿಂದ ಬರುವ ಮಾತು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ನರ್ಸಬಾಯಿ ಮನೆಬಾಗಿಲಿಗೆ ಬಂದು, “ಹ್ಯಾಂಗ ಅದೀ ತಂಗಿ?” ಎಂದು ಬಸುರಿ ಸೊಸೆಯನ್ನು ಕೇಳಿದರೆ ಉತ್ತರ ಬರುವುದು ಹೆಚ್ಚಾಗಿ ಅತ್ತೆಯಿಂದಲೇ: “ಆರಾಮ ಅದಾಳ್ರಿ.” ಸೊಸೆ ತಲೆಯಾಡಿಸುತ್ತಾಳೆ. ಕಾಲು ಬಾತದ್ದು, ತಲೆ ಸುತ್ತಿದ್ದು ಸೆರಗಿನ ಮರೆಯಲ್ಲೇ ಉಳಿಯುತ್ತದೆ. ಅಚ್ಚುಹಾಕಿಸಿದ ಪ್ರಶ್ನಾವಳಿ ಹಿಡಿದು ಹೋದವರಿಗೂ ದೊರೆಯುವುದು ಆ ‘ಆರಾಮ’ವೇ.

ಈ ಮೌನವನ್ನು ಕರಗಿಸುವ ಒಂದು ಉಪಾಯ ಗುಂಪು ಸಂದರ್ಶನ. ಶುಶ್ರೂಷಾ ಸಂಶೋಧನೆಯಲ್ಲಿ ಇಂದು ಬಹುವಾಗಿ ಬಳಕೆಯಲ್ಲಿರುವ ಈ ಕ್ರಮ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ರೇಡಿಯೋ ಕೋಣೆಯಲ್ಲಿ! 1941ರಲ್ಲಿ ನ್ಯೂಯಾರ್ಕಿನಲ್ಲಿ ಶ್ರೋತೃಗಳು ಕಾರ್ಯಕ್ರಮ ಮೆಚ್ಚಿದರೆ ಹಸಿರು, ಮೆಚ್ಚದಿದ್ದರೆ ಕೆಂಪು ಗುಂಡಿ ಒತ್ತುತ್ತಿದ್ದರು. ಏಕೆ ಒತ್ತಿದಿರೆಂದು ಅವರನ್ನು ಒಟ್ಟಿಗೆ ಕೂರಿಸಿ ಬಗೆದು ಕೇಳುವ ಕ್ರಮಕ್ಕೆ ರೂಪು ಕೊಟ್ಟವನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್.

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಬಸುರಿನ ರಕ್ತದೊತ್ತಡವನ್ನು ಕುರಿತು ಇಂಥ 14 ಕೂಟಗಳು ನಡೆದವು. ವರದಿ 2016ರಲ್ಲಿ ಪ್ರಕಟವಾಯಿತು. ಊರ ಹಿರಿಯರು, ಗಂಡಸರು, ಮನೆಯ ಹಿರಿಯ ಹೆಂಗಸರು, ಹೆರುವ ವಯಸ್ಸಿನ ಸ್ತ್ರೀಯರು—ಎಲ್ಲರಿಗೂ ಕೂಟ ಬೇರೆ ಬೇರೆ. ಅತ್ತೆ ಇಲ್ಲದ ಪಡಸಾಲೆಯಲ್ಲಿ ತಾನೆ ಸೊಸೆಯ ನಾಲಗೆ ಸಡಿಲಾಗುವುದು! ಎಂಟು ಹತ್ತು ಜನ ಸಾಕೆಂದು ಪಠ್ಯಗಳು ಹೇಳುತ್ತವೆ. ಇಲ್ಲಿ ಆರು ಕೂಟಗಳಿಗೆ 132 ಮಂದಿ ತರುಣಿಯರು ಬಂದಿದ್ದರು.

ಸೆಳವಿಗೂ ರಕ್ತದೊತ್ತಡಕ್ಕೂ ಜನರ ಬಾಯಲ್ಲಿ ಹೆಸರುಂಟು, ಬಸುರಿನಲ್ಲಿ ಬರುವ ಅದೇ ವ್ಯಾಧಿಗೆ ಬೇರೆ ಹೆಸರಿಲ್ಲವೆಂಬುದು ಅಲ್ಲಿ ತಿಳಿಯಿತು. ಒತ್ತಡಕ್ಕೆ ಚಿಂತೆ, ಅರೆಹೊಟ್ಟೆ ಕಾರಣವೆಂದರು. ಸೆಳವಿಗೆ ರಕ್ತಹೀನತೆ, ಬೆಂಕಿ-ನೀರುಗಳ ಸೋಂಕು. ಸೆಳವು ಬಂದರೆ ಉಳ್ಳಾಗಡ್ಡಿ ಮೂಸಿಸುವುದು, ಕೈಗೆ ಕಬ್ಬಿಣ ಕೊಡುವುದು, ಬೆರಳು ಹಿಚುಕುವುದು ರೂಢಿ. ಪಟ್ಟಣದವರು ನಗಬೇಕಾಗಿಲ್ಲ; ಇವುಗಳಿಗಾಗಿ ಆಸ್ಪತ್ರೆಗೆ ಒಯ್ಯುವುದನ್ನು ತಡಮಾಡುವುದಿಲ್ಲವೆಂದೂ ಅದೇ ವರದಿ ಹೇಳಿದೆ. ಇದನ್ನರಿತ ನರ್ಸಬಾಯಿ ಕಬ್ಬಿಣದ ಮೇಲೆ ಜಗಳ ಹೂಡುವುದಿಲ್ಲ. ಬಾವು, ತಲೆಸುತ್ತುಗಳ ಮಾತೆತ್ತುತ್ತಾಳೆ.

ಕ್ರಮಕ್ಕೆ ಕುಂದೂ ಉಂಟು. ದೊಡ್ಡ ಗಂಟಲಿನವಳೊಬ್ಬಳಿದ್ದರೆ ಉಳಿದವರು ಮೂಕರು. ಕೂಟದಲ್ಲಾಡಿದ್ದು ಸಂಜೆಗೆ ನೀರಿನ ನಳಕ್ಕೆ ಮುಟ್ಟೀತು.

2014ರಿಂದ 2016ರವರೆಗೆ ಆಶಾ ಕಾರ್ಯಕರ್ತೆಯರೂ ನರ್ಸಬಾಯಿಯರೂ ರಕ್ತದೊತ್ತಡದ ಯಂತ್ರ ಹಿಡಿದು ಇವೇ ಜಿಲ್ಲೆಗಳ ಬಸುರಿಯರ ಮನೆಗೆ ಹೋದರು. ಭಾರತ, ಪಾಕಿಸ್ತಾನ, ಮೊಜಾಂಬಿಕ್‌ಗಳ ಲೆಕ್ಕ ಕೂಡಿಸಿ 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ತಾಯಿ-ಮಕ್ಕಳ ಸಾವುನೋವು ಒಟ್ಟಾರೆ ಇಳಿದಿರಲಿಲ್ಲ. ಆದರೆ ಎಂಟು ಅಥವಾ ಹೆಚ್ಚು ಸಲ ಭೇಟಿ ಪಡೆದ ತಾಯಂದಿರಲ್ಲಿ, ಒಮ್ಮೆಯೂ ಭೇಟಿ ಪಡೆಯದವರಿಗಿಂತ, ಹೊಟ್ಟೆಯಲ್ಲೇ ಸತ್ತು ಹುಟ್ಟಿದ ಶಿಶುಗಳು ಕಡಿಮೆ ಇದ್ದವು.