ಸೆರಾಮಿಕ್ ತವಾ ಶುದ್ಧ ಮಣ್ಣಿನದೇ? ಅದರಲ್ಲಿ ಕೆಮಿಕಲ್ ಇಲ್ಲವೇ?

“ನಾನ್‌ಸ್ಟಿಕ್ ತವಾ ಎಸೆಯಿರಿ, ಸೆರಾಮಿಕ್ ತನ್ನಿ. ಅದು ಶುದ್ಧ ಮಣ್ಣಿನದು, ಕೆಮಿಕಲ್ ಇಲ್ಲ, ಜೀವನಪೂರ್ತಿ ಬಾಳುತ್ತದೆ.” ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ನೋಡೋಣ.

ಮಣ್ಣಿನದೇ?

ಅಲ್ಲ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಸೆರಾಮಿಕ್ ತವಾಗಳು ಅಲ್ಯೂಮಿನಿಯಂನವು. ಮೇಲೆ ಕೂದಲೆಳೆಗಿಂತ ತೆಳುವಾದ, ಗಾಜಿನಂಥ ಒಂದು ಲೇಪನ ಇರುತ್ತದೆ ಅಷ್ಟೆ.

ಆ ಲೇಪನ ಹೇಗೆ ಮಾಡುತ್ತಾರೆ?

ಗಾಜಿನ ಮೂಲವಾದ ಸಿಲಿಕಾ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಹಾಗಾಗಿ ಸಿಲಿಕಾವನ್ನು ಕರಗಿಸಿ ಎರೆಯಲು ಹೋದರೆ ತವಾನೇ ಉಳಿಯುವುದಿಲ್ಲ.

ಇಲ್ಲಿ ನೆರವಿಗೆ ಬರುವುದು ‘ಸಾಲ್-ಜೆಲ್’ ವಿಧಾನ. ಸಿಲಿಕಾನ್ ಇರುವ ದ್ರವ ರಾಸಾಯನಿಕಕ್ಕೆ ನೀರು ಮತ್ತು ಸ್ವಲ್ಪ ಆಮ್ಲ ಸೇರಿಸುತ್ತಾರೆ. ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳು ದ್ರವದಲ್ಲಿ ತೇಲತೊಡಗುತ್ತವೆ. ಇದು ‘ಸಾಲ್’. ಕಣಗಳು ಒಂದಕ್ಕೊಂದು ಬೆಸೆದುಕೊಂಡು ಬಲೆಯಾದಾಗ, ಹಾಲು ಮೊಸರಾದಂತೆ ದ್ರವ ಹೆಪ್ಪುಗಟ್ಟುತ್ತದೆ. ಇದು ‘ಜೆಲ್’. ದ್ರವವಾಗಿರುವಾಗಲೇ ತವಾದ ಮೇಲೆ ಸಿಂಪಡಿಸಿ, ಒಣಗಿಸಿ, ಕೆಲವೇ ನೂರು ಡಿಗ್ರಿಯಲ್ಲಿ ಕಾಯಿಸಿದರೆ ಗಟ್ಟಿ ಪದರ ಸಿದ್ಧ.

ಇದು ಹೊಸದೇನಲ್ಲ. ಇಂಥದೊಂದು ದ್ರವ ತೇವದ ಗಾಳಿಗೆ ನಿಧಾನವಾಗಿ ಗಾಜಿನಂತೆ ಗಟ್ಟಿಯಾಗುವುದನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಎಬೆಲ್ಮನ್ 1840ರ ದಶಕದಲ್ಲೇ ಕಂಡಿದ್ದರು.

ಅಂದರೆ ಕೆಮಿಕಲ್ ಇದೆಯೇ?

ಇದೆ. ಆದರೆ ಕೆಮಿಕಲ್ ಎಂದಾಕ್ಷಣ ವಿಷ ಎಂದಲ್ಲ. ನೀರು, ಉಪ್ಪು ಕೂಡ ರಾಸಾಯನಿಕಗಳೇ.

ಮಾಮೂಲಿ ನಾನ್‌ಸ್ಟಿಕ್‌ನಲ್ಲಿರುವುದು ಪಿಟಿಎಫ್‌ಇ. ಕ್ಯಾನ್ಸರ್‌ನ ಆತಂಕ ಇರುವುದು ಪಿಎಫ್‌ಒಎ ಎಂಬ ಬೇರೆ ರಾಸಾಯನಿಕದ ಬಗ್ಗೆ. ಹಿಂದೆ ಪಿಟಿಎಫ್‌ಇ ತಯಾರಿಕೆಯಲ್ಲಿ ಅದನ್ನು ಬಳಸುತ್ತಿದ್ದರು. ಪಿಟಿಎಫ್‌ಇಯ ನಿಜವಾದ ತೊಂದರೆ ಬರುವುದು ಖಾಲಿ ತವಾ ಅತಿಯಾಗಿ ಕಾದಾಗ. ಆಗ ಏಳುವ ಹೊಗೆ ಮನುಷ್ಯರಿಗೆ ಜ್ವರ, ಕೆಮ್ಮು ತರಬಹುದು. ಸಾಕಿದ ಗಿಳಿಗಳಂಥ ಪಕ್ಷಿಗಳನ್ನು ಕೊಲ್ಲಬಹುದು. ಸಾಲ್-ಜೆಲ್ ಲೇಪನದಲ್ಲಿ ಸಾಮಾನ್ಯವಾಗಿ ಪಿಟಿಎಫ್‌ಇ ಇರುವುದಿಲ್ಲ. ಸಂದೇಶದಲ್ಲಿ ಸ್ವಲ್ಪ ನಿಜ ಇರುವುದು ಇಲ್ಲಿ ಮಾತ್ರ.

ಲೇಬಲ್ ಓದುವಾಗಲೂ ಎಚ್ಚರ ಬೇಕು. ‘ಪಿಎಫ್‌ಒಎ ಇಲ್ಲ’ ಎಂದರೆ ಪಿಟಿಎಫ್‌ಇಯೂ ಇಲ್ಲ ಎಂದಲ್ಲ.

ಜೀವನಪೂರ್ತಿ ಬಾಳುತ್ತದೆಯೇ?

ಇಲ್ಲ. ದೋಸೆ ಅಂಟದಂತೆ ತಡೆಯುವುದು ಆ ಪದರದಲ್ಲಿ ಉಳಿದಿರುವ ಇಂಗಾಲದ ಪುಟ್ಟ ಗುಂಪುಗಳು. ದೊಡ್ಡ ಉರಿಗೆ ಅವು ನಾಶವಾಗುತ್ತವೆ. ಪದರ ಗಟ್ಟಿಯಾಗಿಯೇ ಇದ್ದರೂ ದೋಸೆ ಅಂಟತೊಡಗುತ್ತದೆ. ಸಾಮಾನ್ಯವಾಗಿ ಪಿಟಿಎಫ್‌ಇ ತವಾಗಿಂತ ಇದು ಬೇಗನೆ ಅಂಟಲು ಶುರುವಾಗುತ್ತದೆ.

ನಾವೇನು ಮಾಡಬೇಕು?

• ಯಾವ ನಾನ್‌ಸ್ಟಿಕ್ ಆದರೂ ಸಣ್ಣ ಅಥವಾ ಮಧ್ಯಮ ಉರಿ ಸಾಕು. ಖಾಲಿ ತವಾ ಕಾಯಲು ಬಿಡಬೇಡಿ.
• ಮರದ ಸೌಟು ಬಳಸಿ, ಸ್ಟೀಲ್ ನಾರಿನಿಂದ ಉಜ್ಜಬೇಡಿ.
• ಬಿಸಿ ತವಾಗೆ ತಣ್ಣೀರು ಸುರಿಯಬೇಡಿ.
• ಲೇಪನ ಕಿತ್ತುಬಂದರೆ ಬದಲಾಯಿಸಿ. ಕೆಳಗಿನ ಅಲ್ಯೂಮಿನಿಯಂ ಹುಣಸೆ, ಟೊಮೆಟೊದಂಥ ಹುಳಿಗೆ ಸ್ವಲ್ಪ ಸ್ವಲ್ಪವೇ ಕರಗುತ್ತದೆ.

ದಶಕಗಟ್ಟಲೆ ಬಾಳುವ ತವಾ ಬೇಕೆಂದರೆ, ಎಣ್ಣೆ ಹಚ್ಚಿ ಪಳಗಿಸಿದ ಕಬ್ಬಿಣದ ದೋಸೆ ಹೆಂಚು ಇದ್ದೇ ಇದೆ.

ಒಟ್ಟಿನಲ್ಲಿ, ‘ಮಣ್ಣಿನದು’, ‘ಕೆಮಿಕಲ್ ಇಲ್ಲ’, ‘ಜೀವನಪೂರ್ತಿ’ ಎಂಬ ಮೂರೂ ಮಾತು ತಪ್ಪು. ಸಂದೇಶ ಮತ್ತೆ ಬಂದರೆ ಮುಂದೆ ಕಳಿಸುವ ಮೊದಲು ಇದನ್ನೊಮ್ಮೆ ನೆನಪಿಸಿಕೊಳ್ಳಿ.