ತೊಟ್ಟಿಕ್ಕುವ ನಲ್ಲಿಯೂ ಅರ್ಧ ಇಂಚಿನ ಗೊಂದಲವೂ

ಕಳೆದ ದಸರಾ ರಜೆಯಲ್ಲಿ ನಾನು ನಾರ್ವಕ್ಕೆ ಹೋಗಿದ್ದೆ. ಟಿ.ಸಿ.ಎಚ್. ತರಬೇತಿಯ ಕಾಲದ ನನ್ನ ಸಹಪಾಠಿಯೊಬ್ಬರ ಮನೆ ಅಲ್ಲಿದೆ. ರಾಯಚೂರಿನಿಂದ ಕೃಷ್ಣಾ ನದಿ ದಾಟಿ ಮಕ್ತಲ್ ಮಾರ್ಗವಾಗಿ ತಲಪುವ ಈ ಊರು ಈಗ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಗೆ ಸೇರಿದೆ. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳದ ಪಾಲಾಯಿತಷ್ಟೆ. ಅದೇ ದಿನ ಹೈದರಾಬಾದ್ ರಾಜ್ಯವೂ ಒಡೆದು, ರಾಯಚೂರು ಮೈಸೂರಿಗೆ ಬಂತು. ಅಲ್ಲಿಯವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ತಾಲೂಕು ಆಂಧ್ರಕ್ಕೆ ಹೋಯಿತು. ಆ ಕಡೆಯ ಕನ್ನಡ ಮನೆಗಳಲ್ಲಿ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು. ನಮ್ಮಲ್ಲಿ ಮನೆಯೊಳಗೆ ಕನ್ನಡವೋ ತುಳುವೋ, ಅಂಗಡಿಯಲ್ಲಿ ಮಲಯಾಳ. ಹೀಗಾಗಿ ಅಲ್ಲಿ ನನಗೆ ಪರವೂರೆನಿಸುವುದಿಲ್ಲ.

ಆದರೆ ನಾನು ಇಲ್ಲಿ ಬರೆಯಹೊರಟಿರುವುದು ಗಡಿಯ ವಿಚಾರವಲ್ಲ, ನಲ್ಲಿಯ ವಿಚಾರ.

ಸ್ನೇಹಿತರ ಬಚ್ಚಲಿನ ಬೇಸಿನ್ನಿನ ನಲ್ಲಿ ಆರು ತಿಂಗಳಿಂದ ಸೋರುತ್ತಿತ್ತಂತೆ. ಬಾಯಿಯಿಂದ ತೊಟ್ಟಿಕ್ಕುವುದಲ್ಲದೆ, ಬುಡದಿಂದಲೂ ಇಳಿದು ನೆಲ ಸದಾ ಒದ್ದೆ. ಇವತ್ತು, ನಾಳೆ ಎನ್ನುತ್ತ ದಿನ ಕಳೆಯಿತು. ನಾನು ಹೋಗುವುದಕ್ಕೆ ಎರಡು ವಾರ ಮೊದಲು ಅವರ ವೃದ್ಧ ತಾಯಿ ಅದೇ ಪಾಚಿಯ ಮೇಲೆ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದರು. ಹತ್ತು ರೂಪಾಯಿಯ ವಾಷರಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಆಸ್ಪತ್ರೆಯವರೆಗೆ ಹೋಯಿತು.

ನೀರಿನ ನಷ್ಟವೂ ಸಣ್ಣದಲ್ಲ. ಸೋರುವ ನಲ್ಲಿಯ ಕೆಳಗೆ 200 ಮಿಲಿಲೀಟರಿನ ಲೋಟ ಇಟ್ಟು ನೋಡಿ. ಕಾಲು ಗಂಟೆಯಲ್ಲಿ ಅದು ತುಂಬಿದರೆ ಗಂಟೆಗೆ 4 ಲೋಟ, ದಿನಕ್ಕೆ 96 ಲೋಟ. ಅಂದರೆ 19 ಲೀಟರಿಗೂ ಹೆಚ್ಚು. ಒಂದು ದೊಡ್ಡ ಕೊಡಪಾನ ನೀರು ದಿನವೂ ಚರಂಡಿಗೆ! ಹನಿಗೂಡಿದರೆ ಹಳ್ಳವೆಂದು ತರಗತಿಯಲ್ಲಿ ಹೇಳಿಕೊಡುವ ನಾವೇ ಇದನ್ನು ಮರೆಯುತ್ತೇವೆ.

ಅರ್ಧ ಇಂಚು ಎರಡಾದಾಗ

ಇಬ್ಬರು ಮೇಷ್ಟ್ರುಗಳು ಸೇರಿ ನಲ್ಲಿ ಬದಲಿಸಲು ಹೊರಟೆವು. ಬೇಸಿನ್ನಿನ ಕೆಳಗೆ ಗೋಡೆಯಲ್ಲಿರುವ ಆಂಗಲ್ ಕಾಕನ್ನು ಮುಚ್ಚಬೇಕಿತ್ತು. ಅದು ಸುಣ್ಣ ಕಟ್ಟಿ ಕಲ್ಲಾಗಿತ್ತು. ಪಾನಾ ಹಾಕಿ ಬಲವಾಗಿ ತಿರುಗಿಸಿದೆ. ಕಟ್ ಎಂದು ಶಬ್ದವಾಯಿತು; ಗೋಡೆಯೊಳಗಿನ ಪ್ಲಾಸ್ಟಿಕ್ ಎಲ್ಬೋ ಒಡೆದು ನೀರು ಚಿಮ್ಮಿತು. ತಪ್ಪು ನನ್ನದೇ. ಓಡಿಹೋಗಿ ಟ್ಯಾಂಕಿನ ಮುಖ್ಯ ವಾಲ್ವ್ ಮುಚ್ಚಿದ ಮೇಲೆ ನೀರು ನಿಂತಿತು.

ಮಕ್ತಲಿನ ಅಂಗಡಿಗೆ ಹೋಗಿ "ಅರ್ಧ ಇಂಚಿನ ಎಲ್ಬೋ" ಕೇಳಿದೆವು. ಅಂಗಡಿಯವನು ತೆಲುಗಿನಲ್ಲಿ ಏನೋ ಕೇಳಿದ. ನನಗೆ ಅರ್ಥವಾಗಲಿಲ್ಲ, ಸ್ನೇಹಿತರಿಗೆ ಅರ್ಥವಾದರೂ ಉತ್ತರ ತಿಳಿಯಲಿಲ್ಲ. "ಅರ್ಧ ಇಂಚು" ಎಂದೇ ಇನ್ನೊಮ್ಮೆ ಹೇಳಿ, ಕೊಟ್ಟ ಬಿಳಿ ಎಲ್ಬೋ ತಂದೆವು. ಮನೆಯ ಪೈಪಿಗೆ ಹಾಕಿದರೆ ಸಡಿಲವಾಗಿ ಕುಣಿಯುತ್ತದೆ! ಅಂದು ರಾತ್ರಿ ಆ ಮನೆಯವರು ಬಚ್ಚಲಿಗೆ ಬಕೆಟ್ಟಿನಲ್ಲಿ ನೀರು ಹೊರಬೇಕಾಯಿತು.

ಗುಟ್ಟು ಇಷ್ಟೆ. ಅರ್ಧ ಇಂಚು, ಅಂದರೆ 15 ಮಿ.ಮೀ., ಎಂಬುದು ಪೈಪಿನ ಹೆಸರೇ ಹೊರತು ಹೊರಗಿನ ಅಳತೆಯಲ್ಲ. ಬಿಸಿನೀರಿಗೂ ಆಗುವ, ಕೆನೆಬಣ್ಣದ ಸಿ.ಪಿ.ವಿ.ಸಿ. ಪೈಪಿನ ಅರ್ಧ ಇಂಚಿಗೆ ಹೊರಸುತ್ತಿನ ಅಡ್ಡಗಲ ಸುಮಾರು 16 ಮಿ.ಮೀ. ತಣ್ಣೀರಿಗೆ ಮಾತ್ರ ಬಳಸುವ ಬಿಳಿ ಯು.ಪಿ.ವಿ.ಸಿ. ಪೈಪಿಗೆ ಸುಮಾರು 21 ಮಿ.ಮೀ. ಹಳೆಯ ಜಿ.ಐ. ಕಬ್ಬಿಣದ ಪೈಪಿಗೂ ಸುಮಾರು ಅಷ್ಟೇ. ಆದ್ದರಿಂದ ಒಂದರ ಎಲ್ಬೋ ಇನ್ನೊಂದಕ್ಕೆ ಅಂಟದು. ಅಂಟಿಸುವ ದ್ರಾವಣವೂ ಬೇರೆ ಬೇರೆ. ಆದರೆ ನಲ್ಲಿಯ ತಿರುಪು, ಅಂದರೆ ತ್ರೆಡ್, ಮಾತ್ರ ಅರ್ಧ ಇಂಚಿನದಾದರೆ ಸಾಮಾನ್ಯವಾಗಿ ಎಲ್ಲೆಡೆಯೂ ಒಂದೇ. ಪೈಪಿನಿಂದ ನಲ್ಲಿಗೆ ಸೇರಿಸುವಲ್ಲಿ ಹಿತ್ತಾಳೆಯ ತಿರುಪು ಕೂರಿಸಿದ ಎಲ್ಬೋವನ್ನೇ ಕೊಳ್ಳಬೇಕು. ಬರಿಯ ಪ್ಲಾಸ್ಟಿಕ್ ತಿರುಪು ನನ್ನಂಥವರ ಪಾನಾಕ್ಕೆ ಸಿಕ್ಕಿದರೆ ಒಡೆಯುತ್ತದೆ.

ಮರುದಿನ ಮುರಿದ ಎಲ್ಬೋವನ್ನೂ, ಗೇಣುದ್ದದ ಪೈಪಿನ ತುಂಡನ್ನೂ ಒಯ್ದು ಅಂಗಡಿಯ ಮೇಜಿನ ಮೇಲಿಟ್ಟೆವು. ಯಾವ ಭಾಷೆಯೂ ಬೇಕಾಗಲಿಲ್ಲ.

ಅಂಗಡಿಯಲ್ಲಿ ಸಂಕೋಚ ಬೇಡ

ನಮ್ಮ ಮನೆಗಳಲ್ಲಿ, ವಿಶೇಷವಾಗಿ ಗೃಹಿಣಿಯರು, ಹಾರ್ಡ್‌ವೇರ್ ಅಂಗಡಿಗೆ ಹೋಗಲು ಹಿಂಜರಿಯುತ್ತಾರೆ. ಮಲಯಾಳದಲ್ಲಿ ಹೇಗೆ ಕೇಳುವುದೆಂಬ ಅಳುಕು. ನಾವು ನಲ್ಲಿ ಎಂದರೆ ಅವರು ಟ್ಯಾಪ್ ಅಥವಾ ಪೈಪ್ ಎನ್ನುತ್ತಾರೆ; ತೆಲಂಗಾಣದಲ್ಲಿ ನಲ್ಲಾ ಎನ್ನುತ್ತಾರೆ. ಆದರೆ ಎಲ್ಬೋ, ಟೀ, ಸಾಕೆಟ್, ನಿಪ್ಪಲ್, ಯೂನಿಯನ್, ರೆಡ್ಯೂಸರ್, ಆಂಗಲ್ ಕಾಕ್, ಪಿಲ್ಲರ್ ಕಾಕ್ ಎಂಬ ಹೆಸರುಗಳು ಮಂಜೇಶ್ವರದಲ್ಲೂ ಮಕ್ತಲಿನಲ್ಲೂ ಒಂದೇ. ನಾಲ್ಕು ಸಂಗತಿ ತಿಳಿದಿದ್ದರೆ ಸಾಕು: ಪೈಪು ಯಾವ ಜಾತಿಯದು, ಅಳತೆ ಎಷ್ಟು, ತಿರುಪು ಒಳಗೋ ಹೊರಗೋ, ಬಿಸಿನೀರು ಬರುವುದೋ ಇಲ್ಲವೋ. ಗೋಡೆಯಿಂದ ಬರುವುದು ಬಿಬ್ ಕಾಕ್, ಬೇಸಿನ್ನಿನ ಮೇಲೆ ನಿಲ್ಲುವುದು ಪಿಲ್ಲರ್ ಕಾಕ್. ಐ.ಎಸ್.ಐ. ಗುರುತು ನೋಡಿ. ಸಿ.ಪಿ.ವಿ.ಸಿ. ಪೈಪಿನ ಮೇಲೆ ಐ.ಎಸ್. 15778 ಎಂದು ಅಚ್ಚಾಗಿರಬೇಕು.

ನೀರಿನ ಗುಣ ನೋಡಿ ನಲ್ಲಿ

ನಾರ್ವದ ಕಡೆ ಕಲ್ಲುಭೂಮಿಯ ಬೋರ್‌ವೆಲ್ ನೀರು ಗಡಸು. ಅದರಲ್ಲಿನ ಸುಣ್ಣದ ಅಂಶ ನಲ್ಲಿಯ ಬಾಯಿ, ಜಾಲರಿ, ವಾಲ್ವ್‌ಗಳಲ್ಲಿ ಬೆಳ್ಳಗೆ ಗಟ್ಟಿಯಾಗುತ್ತದೆ. ವಿನೆಗರಿನಲ್ಲೋ ಲಿಂಬೆರಸದಲ್ಲೋ ನೆನೆಸಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಟ್ಟರೆ ಅದು ಸಡಿಲವಾಗುತ್ತದೆ. ತಿಂಗಳಿಗೊಮ್ಮೆ ಆಂಗಲ್ ಕಾಕನ್ನು ಮುಚ್ಚಿ ತೆರೆದರೆ ಕಲ್ಲಾಗಲಾರದು.

ನಮ್ಮ ಕಾಸರಗೋಡಿನ ಕಥೆ ಬೇರೆ. ಮುರಕಲ್ಲಿನ ನೆಲದ ಬಾವಿ, ಸುರಂಗಗಳ ನೀರು ಮೃದು. ಹಲವೆಡೆ ತುಸು ಆಮ್ಲಗುಣದ್ದು. ಇದು ಸುಣ್ಣ ಕಟ್ಟುವುದಿಲ್ಲ, ಆದರೆ ಲೋಹವನ್ನು ತಿನ್ನುತ್ತದೆ. ಹಳೆಯ ಜಿ.ಐ. ಪೈಪುಗಳು ಒಳಗಿಂದೊಳಗೆ ತುಕ್ಕು ಹಿಡಿಯುತ್ತವೆ. ಕೀಳು ಹಿತ್ತಾಳೆಯಿಂದ ಸತುವು ಕರಗಿ ಹೋಗಿ ನಲ್ಲಿ ಪುಡಿಯಾಗುತ್ತದೆ. ಹಳೆಯ ಮನೆಯಲ್ಲಿ ನಲ್ಲಿ ಬಿಚ್ಚುವಾಗ ಗೋಡೆಯೊಳಗಿನ ತಿರುಪೇ ಕಿತ್ತುಬರುವುದುಂಟು. ಅಂತಹ ಕಡೆ ಒಂದು ಪಾನಾದಿಂದ ಪೈಪನ್ನು ಬಿಗಿಯಾಗಿ ಹಿಡಿದು ಇನ್ನೊಂದರಿಂದ ನಲ್ಲಿಯನ್ನು ತಿರುಗಿಸಬೇಕು. ಪೈಪೇ ಸತ್ತಿದ್ದರೆ ಹೊಸ ನಲ್ಲಿಯ ಮೇಲೆ ಹಣ ಸುರಿದು ಪ್ರಯೋಜನವಿಲ್ಲ. ಮೊದಲು ಪೈಪು ಬದಲಿಸಿ.

ಕೆಲಸದ ಕ್ರಮ

ಮೊದಲು ಮುಖ್ಯ ವಾಲ್ವ್ ಮುಚ್ಚಿ, ಕೆಳಗಿನ ನಲ್ಲಿ ತೆರೆದು ಪೈಪಿನ ನೀರು ಬಸಿಯಿರಿ. ಬೇಸಿನ್ನಿನ ಕೆಳಗೆ ಬಕೆಟ್ ಇಟ್ಟು, ಬಾಗುವ ಕನೆಕ್ಷನ್ ಪೈಪಿನ ನಟ್ ಬಿಚ್ಚಿ. ಬಳಿಕ ಬೇಸಿನ್ನಿನ ಅಡಿಯ ಹಿನ್ನಟ್ಟನ್ನು ಸಡಿಲಿಸಿದರೆ ನಲ್ಲಿ ಮೇಲಕ್ಕೆ ಬರುತ್ತದೆ. ಹೊಸದನ್ನು ರಬ್ಬರ್ ವಾಷರಿನೊಂದಿಗೆ ಕೂರಿಸಿ.

ಆಂಗಲ್ ಕಾಕಿನ ತಿರುಪಿಗೆ ಟೆಫ್ಲಾನ್ ಟೇಪನ್ನು ಎಂಟು ಹತ್ತು ಸುತ್ತು ಸುತ್ತಬೇಕು. ತಿರುಪಿನ ತುದಿ ನಿಮ್ಮ ಮುಖದ ಕಡೆಗಿರಲಿ, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಸುತ್ತಿ. ವಿರುದ್ಧವಾಗಿ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಕನೆಕ್ಷನ್ ಪೈಪಿನ ನಟ್ಟಿನೊಳಗೆ ರಬ್ಬರ್ ವಾಷರ್ ಇರುವುದರಿಂದ ಅಲ್ಲಿ ಟೇಪು ಬೇಡ. ಅದನ್ನು ಕೈಯಿಂದ ಬಿಗಿದು, ಪಾನಾದಲ್ಲಿ ಕಾಲು ಸುತ್ತೋ ಅರ್ಧ ಸುತ್ತೋ ಸಾಕು. ಅಂಟಿಸಿದ ಪೈಪಿಗೆ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಕಾಯದೆ ನೀರು ಬಿಡಬಾರದು. ಕನೆಕ್ಷನ್ ಪೈಪನ್ನು ನಲ್ಲಿಗೆ ಜೋಡಿಸುವ ಮೊದಲು ಅದರ ತುದಿಯನ್ನು ಬಕೆಟ್ಟಿಗೆ ಹಿಡಿದು ಸ್ವಲ್ಪ ನೀರು ಹರಿಸಿ, ಮರಳು, ಪೈಪಿನ ಚೂರು ಹೊರಹಾಕಿ. ಕಾಲು ಸುತ್ತಿನ ನಲ್ಲಿಯೊಳಗಿನ ಸೆರಾಮಿಕ್ ಬಿಲ್ಲೆಗೆ ಮರಳೇ ಶತ್ರು. ಕೊನೆಗೆ ಜೋಡಣೆಗಳನ್ನು ಒಣ ಕಾಗದದಿಂದ ಒರಸಿ ನೋಡಿ. ಕಾಗದ ಒದ್ದೆಯಾದರೆ ಇನ್ನೂ ಸೋರುತ್ತಿದೆಯೆಂದು ತಿಳಿಯಿರಿ.

ತಿರುಗಿಸಿ ತಿರುಗಿಸಿ ಮುಚ್ಚುವ ಹಳೆಯ ಮಾದರಿ ನಲ್ಲಿಗೆ ವಾಷರ್ ಬದಲಿಸುವುದು ಸುಲಭ, ಖರ್ಚೂ ಕಡಿಮೆ. ಆದರೆ ನಾವು ಆ ಮನೆಗೆ ಉದ್ದ ಹಿಡಿಯ, ಕಾಲು ಸುತ್ತಿನ ನಲ್ಲಿಯನ್ನೇ ಆರಿಸಿದೆವು. ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಆ ತಾಯಿಗೆ ಹಳೆಯ ನಲ್ಲಿಯನ್ನು ಬಿಗಿಯಾಗಿ ಮುಚ್ಚಲು ಆಗುತ್ತಿರಲಿಲ್ಲ. ಹೊಸದನ್ನು ಅವರು ಎಡಗೈಯ ಹಿಂಬದಿಯಿಂದ ತಳ್ಳಿ ತೆರೆದರು, ಮುಚ್ಚಿದರು. "ಇದನ್ನ ಮೊದಲೇ ಹಾಕಬಹುದಿತ್ತಲ್ಲ" ಎಂದರು. ನಮ್ಮಿಬ್ಬರಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಇದನ್ನು ಓದಿದವರು ಇಂದೇ ಎರಡು ಕೆಲಸ ಮಾಡಿರಿ. ನಿಮ್ಮ ಮನೆಯ ಮುಖ್ಯ ವಾಲ್ವ್ ಎಲ್ಲಿದೆಯೆಂದು ಮನೆಯ ಎಲ್ಲರಿಗೂ ತೋರಿಸಿ. ಅದು ತಿರುಗುತ್ತದೋ ಎಂದು ಪರೀಕ್ಷಿಸಿ. ಸೋರುವ ನಲ್ಲಿಯಿದ್ದರೆ ಅದನ್ನು ಬಿಚ್ಚಿ, ಆ ತುಂಡನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ.