ಸುಳ್ಳು ಹಾದಿಯಲ್ಲಿ ಸಿಕ್ಕ ನಿಜ

ಸಿಫಿಲಿಸ್ ಹೊತ್ತು ಹುಟ್ಟಿದ ಕೂಸಿನ ಬಾಯಲ್ಲಿ ಹುಣ್ಣು. ಅದಕ್ಕೆ ಹಾಲೂಡಿಸಿದ ದಾದಿಗೆ ರೋಗ ಅಂಟುತ್ತಿತ್ತು. ಹೆತ್ತ ತಾಯಿ ಎದೆಗಿಟ್ಟುಕೊಂಡರೆ ಅವಳಿಗೇನೂ ಆಗುತ್ತಿರಲಿಲ್ಲ. ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕೋಲಿಸ್ 1837ರಲ್ಲಿ ಇದನ್ನು ಬರೆದಿಟ್ಟ. ಇಂಥ ತಾಯಿಗೆ ರೋಗ ತಟ್ಟುವುದೇ ಇಲ್ಲವೆಂದು ಎಷ್ಟೋ ವೈದ್ಯರು ನಂಬಿಬಿಟ್ಟರು. ಮೈಯಲ್ಲಿ ಗುರುತಿಲ್ಲದ ಆ ಹೆಂಗಸರ ಗರ್ಭ ಮಾತ್ರ ಮತ್ತೆ ಮತ್ತೆ ಇಳಿಯುತ್ತಲೇ ಇತ್ತು.

1905ರ ಮಾರ್ಚ್. ಬರ್ಲಿನ್ನಿನ ಷಾರಿಟೆ ಆಸ್ಪತ್ರೆಯಲ್ಲಿ ಎರಿಕ್ ಹಾಫ್‌ಮನ್ ರೋಗಿಯೊಬ್ಬಳ ಗಾಯದಿಂದ ತೆಗೆದ ರಸದೊಳಗೆ ಪ್ರಾಣಿಶಾಸ್ತ್ರಜ್ಞ ಫ್ರಿಟ್ಸ್ ಶೌಡಿನ್ ಇಣುಕಿದ. ಬೋಲ್ಟಿನ ತಿರುಪಿನಂತೆ ಸುತ್ತಿಕೊಂಡ, ಕಂಡೂ ಕಾಣದಷ್ಟು ಪೇಲವವಾದ ಜೀವಿಯೊಂದು ಅಲ್ಲಿ ತಿರುಗುತ್ತಿತ್ತು. ಕಳ್ಳ ಸಿಕ್ಕಿದ. ಆದರೆ ಹುಣ್ಣೇ ಇಲ್ಲದ ಬಸುರಿಯಲ್ಲಿ ಹುಡುಕುವುದೆಲ್ಲಿ?

ರಕ್ತದಲ್ಲಿ, ಎಂದಿತು ಆಗಸ್ಟ್ ವಾಸರ್‌ಮನ್, ಆಲ್ಬರ್ಟ್ ನೈಸರ್, ಕಾರ್ಲ್ ಬ್ರುಕ್ ತಂಡ. ಪರೀಕ್ಷೆಗೆ ರೋಗಾಣುಗಳ ರಾಶಿ ಬೇಕಿತ್ತು. ಹಾಳಾದ್ದು ಪ್ರಯೋಗಾಲಯದಲ್ಲಿ ಬೆಳೆಯಲೊಲ್ಲದು. ಕೊನೆಗೆ ಅವರು ಸಿಫಿಲಿಸ್‌ನಿಂದ ಸತ್ತು ಹುಟ್ಟಿದ ಶಿಶುಗಳ ಯಕೃತ್ತನ್ನೇ ಅರೆದು ಸಾರ ತೆಗೆದರು. ಅದರ ಜತೆ ರೋಗಿಯ ಸೀರಂ, ಆಮೇಲೆ ಕುರಿಯ ಕೆಂಪು ರಕ್ತಕಣ. ಕಣಗಳು ಒಡೆದು ನೀರು ಕೆಂಪಾದರೆ ರೋಗವಿಲ್ಲ. ಹಾಗೇ ತಳಕ್ಕೆ ಕೂತರೆ ಇದೆ. 1906ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಮೊದಲು ಕೈಕೊಡುತ್ತಿದ್ದ ಪರೀಕ್ಷೆಯನ್ನು ತಿದ್ದಿ ತೀಡಿ ಹದಕ್ಕೆ ತಂದರು. ಕೋಲಿಸ್ ಕಂಡಂಥ ತಾಯಂದಿರ ರಕ್ತವನ್ನು ಹಾಕಿ ನೋಡಿದಾಗ ಕಣಗಳು ತಳಕ್ಕೆ ಕೂತವು. ಅವರಿಗೆ ರೋಗ ಅಂಟದೆ ಇದ್ದದ್ದು ಅದು ಮೊದಲೇ ಒಳಗಿದ್ದ ಕಾರಣಕ್ಕೆ.

ಅಷ್ಟರಲ್ಲಿ ವಿಯೆನ್ನಾದಿಂದ ಪೇಚಿನ ಸುದ್ದಿ ಬಂತು. ರೋಗವೇ ಇಲ್ಲದ ಗಿನಿಯಿಲಿಯ ಹೃದಯದ ಸಾರದಲ್ಲೂ ಪರೀಕ್ಷೆ ನಡೆಯುತ್ತದೆಂದು ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಸಂಗಡಿಗರು 1907ರಲ್ಲಿ ತೋರಿಸಿದರು. ಅಂದರೆ ಯಕೃತ್ತಿನಲ್ಲಿದ್ದ ರೋಗಾಣುವಿಗೂ ಫಲಿತಾಂಶಕ್ಕೂ ಸಂಬಂಧವೇ ಇರಲಿಲ್ಲ! ತರ್ಕ ಬಿದ್ದುಹೋಯಿತು, ಪರೀಕ್ಷೆ ಉಳಿಯಿತು. ಯಾಕೆ ನಡೆಯುತ್ತದೆಂದು ಗೊತ್ತಿಲ್ಲದೆಯೇ ನ್ಯೂಯಾರ್ಕ್ ಮತ್ತು ರೋಡ್ ಐಲೆಂಡ್ ರಾಜ್ಯಗಳು 1938ರಲ್ಲಿ ಬಸುರಿಯರ ರಕ್ತಪರೀಕ್ಷೆಗೆ ಕಾನೂನನ್ನೇ ಮಾಡಿದವು.

ಗುಟ್ಟು ಬಿಡಿಸಿದ್ದು ಮೇರಿ ಪ್ಯಾಂಗ್‌ಬಾರ್ನ್. 1941ರಲ್ಲಿ ಆಕೆ ದನದ ಹೃದಯದಿಂದ ಕಾರ್ಡಿಯೋಲಿಪಿನ್ ಎಂಬ ಕೊಬ್ಬನ್ನು ಬೇರ್ಪಡಿಸಿದಳು. ಸಿಫಿಲಿಸ್ ತಗುಲಿದ ದೇಹ ಈ ಕೊಬ್ಬಿನ ವಿರುದ್ಧವೂ ಪ್ರತಿಕಾಯಗಳನ್ನು ತಯಾರಿಸುತ್ತದೆ. ಪರೀಕ್ಷೆ ಹಿಡಿಯುತ್ತಿದ್ದದ್ದು ಅವನ್ನೇ. ನಮ್ಮ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಬರೆದುಕೊಡುವ ವಿಡಿಆರ್‌ಎಲ್ ಪರೀಕ್ಷೆಯಲ್ಲಿರುವುದೂ ಇದೇ ಕಾರ್ಡಿಯೋಲಿಪಿನ್. ಬೇರೆ ಕೆಲವು ಕಾಯಿಲೆಗಳಲ್ಲೂ ಇಂಥ ಪ್ರತಿಕಾಯಗಳು ಹುಟ್ಟುವುದರಿಂದ, ಪಾಸಿಟಿವ್ ಬಂದರೆ ರೋಗಾಣುವನ್ನೇ ಗುರಿಯಾಗಿಸಿದ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ.